ಕಾಡಶೆಟ್ಟಿಹಳ್ಳಿಯ ಗದಿಗೆಯ್ಯ, ಗದಗಿನ ಗವಾಯಿ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯಿಂದ ನಮ್ಮ ಕಾಲೇಜಿಗೆ ಬಂದಿರುವ ಗೆಳೆಯರಿಗೆ ಪಂಚಾಕ್ಷರಿ ಗವಾಯಿಗಳ ಪರಿಚಯ ಮಾಡಿಕೊಡಬೇಕಾಗಿಲ್ಲ. ಆ ಕಡೆ ಎಷ್ಟೋ ಮನೆ, ಅಂಗಡಿ, ಹೋಟೆಲುಗಳ ಗೋಡೆ ಮೇಲೆ ಅವರ ಫೋಟೋ ಇರುತ್ತೆ, ಪಕ್ಕದಲ್ಲೇ ಶಿಷ್ಯ ಪುಟ್ಟರಾಜ ಗವಾಯಿಗಳ ಫೋಟೋ. ಉಳಿದವರು ಹೆಸರು ಕೇಳಿರೋದು ಹೆಚ್ಚಾಗಿ ಸಿನಿಮಾದಿಂದ. 1995ರಲ್ಲಿ ಬಂದ ಅವರ ಜೀವನದ ಚಿತ್ರಕ್ಕೆ ಸಂಗೀತ ಕೊಟ್ಟ ಹಂಸಲೇಖ ಅವರಿಗೂ, ಅದರಲ್ಲಿ ಹಾಡಿದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು.

ಎಂಜಿನಿಯರಿಂಗ್ ಕಾಲೇಜಿನ ಕನ್ನಡ ಸಂಘದ ಪತ್ರಿಕೆಯಲ್ಲಿ ಒಬ್ಬ ಸಂಗೀತಗಾರರ ಕಥೆ ಯಾಕೆ ಅಂತ ಕೇಳಬಹುದು. ಕಾರಣ ಇದೆ. ಅವರನ್ನು ನಾವು ಪವಾಡಪುರುಷ ಅಂತ ನೋಡಿ ಕೈಮುಗಿದು ಮುಂದೆ ಹೋಗಿಬಿಡ್ತೀವಿ. ಆದರೆ ಅವರು ಮಾಡಿದ ಕೆಲಸವನ್ನು ಬಿಡಿಸಿ ನೋಡಿದರೆ ಅಲ್ಲಿ ಒಂದು ಶಿಕ್ಷಣ ವ್ಯವಸ್ಥೆ ಕಾಣುತ್ತದೆ. ಕಣ್ಣು ಕಾಣದ ವಿದ್ಯಾರ್ಥಿಗೆ ಸುಮ್ಮನೆ ಊಟ ಹಾಕದೆ, ಒಂದು ವಿದ್ಯೆಯನ್ನು ಅದರ ತುದಿವರೆಗೆ ಕಲಿಸಿ, ಕಲಿತ ಮೇಲೆ ದುಡಿದು ತಿನ್ನುವ ದಾರಿಯನ್ನೂ ಮಾಡಿಕೊಟ್ಟ ವ್ಯವಸ್ಥೆ ಅದು. ಅಂಗವಿಕಲರ ಹಕ್ಕಿನ ಕಾನೂನು ಎಂಬುದೇ ಇಲ್ಲದ ಕಾಲದಲ್ಲಿ, ಸರ್ಕಾರಿ ಶಾಲೆಯೂ ಅಪರೂಪವಾಗಿದ್ದ ಊರುಗಳಲ್ಲಿ ಅದು ನಡೆಯಿತು.

ಇಬ್ಬರು ಅಣ್ಣತಮ್ಮಂದಿರು

ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರ ಫೆಬ್ರುವರಿ 2ರಂದು ಗದಿಗೆಯ್ಯ ಹುಟ್ಟಿದ. ತಂದೆ ಗುರುಪಾದಯ್ಯ ಚರಂತಿಮಠ, ತಾಯಿ ನೀಲಮ್ಮ. ಹುಟ್ಟಿನಿಂದಲೇ ಕಣ್ಣು ಕಾಣದು. ಅಣ್ಣ ಗುರುಬಸಯ್ಯನಿಗೂ ಹಾಗೆಯೇ. ಒಂದೇ ಮನೆಯಲ್ಲಿ ಇಬ್ಬರು ಅಂಧ ಮಕ್ಕಳು. ಮನೆಯಲ್ಲಿ ಬಡತನ.

ಆಗ ಈ ಪ್ರದೇಶ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ. ಭಾರತದ ಮೊದಲ ಅಂಧರ ಶಾಲೆ ಶುರುವಾಗಿ ಆಗ ಐದೇ ವರ್ಷ ಆಗಿತ್ತು, ಅದೂ ದೂರದ ಅಮೃತಸರದಲ್ಲಿ, 1887ರಲ್ಲಿ. ಮೈಸೂರಿನಲ್ಲಿ ಅಂಥದೊಂದು ಶಾಲೆ ಬರಲು 1901ರವರೆಗೆ ಕಾಯಬೇಕಾಯ್ತು. ಪ್ಯಾರಿಸ್ಸಿನ ಲೂಯಿ ಬ್ರೈಲ್ ತನ್ನ ಚುಕ್ಕಿ ಲಿಪಿಯನ್ನು 1829ರಲ್ಲೇ ಪ್ರಕಟಿಸಿದ್ದ, ನಿಜ. ಆದರೆ ಭಾರತದ ಭಾಷೆಗಳಿಗೆಲ್ಲ ಸೇರಿ ಒಂದು ಸಾಮಾನ್ಯ ಬ್ರೈಲ್, ಅಂದರೆ ಭಾರತಿ ಬ್ರೈಲ್, ಒಪ್ಪಿತವಾದದ್ದು 1951ರಲ್ಲಿ. ಕಾಡಶೆಟ್ಟಿಹಳ್ಳಿಯಂಥ ಊರಲ್ಲಿ ಹುಟ್ಟಿದ ಅಂಧ ಮಗುವಿಗೆ ಓದು ಅನ್ನುವ ಮಾತೇ ಇರಲಿಲ್ಲ. ಮನೆಯ ಮೂಲೆ ಹಿಡಿಯಬೇಕು, ಇಲ್ಲ ಯಾರದೋ ಕೈ ಹಿಡಿದು ಭಿಕ್ಷೆಗೆ ಹೋಗಬೇಕು. ಅಷ್ಟೇ.

ಈ ಇಬ್ಬರು ಹುಡುಗರಿಗೆ ಒಳ್ಳೆಯ ಕಂಠ ಇತ್ತು. ಅದು ಬಿದ್ದದ್ದು ಹಾನಗಲ್ಲ ಕುಮಾರ ಸ್ವಾಮಿಗಳ ಕಿವಿಗೆ. 1867ರಲ್ಲಿ ಹುಟ್ಟಿದ ಈ ಸ್ವಾಮಿಗಳು ಹಾನಗಲ್ಲಿನ ವಿರಕ್ತಮಠದವರು. 1904ರಲ್ಲಿ ವೀರಶೈವ ಮಹಾಸಭೆ ಹುಟ್ಟುಹಾಕಿದವರು, 1909ರಲ್ಲಿ ಬಾದಾಮಿ ಹತ್ತಿರ ಮಲಪ್ರಭಾ ದಂಡೆ ಮೇಲೆ ಶಿವಯೋಗ ಮಂದಿರ ಕಟ್ಟಿದವರು. ಸಂಸ್ಥೆ ಕಟ್ಟುವುದು ಹೇಗೆಂದು ಬಲ್ಲ ಮನುಷ್ಯ. ಅವರು ಹುಡುಗರನ್ನು ನೋಡಿ ಮರುಕಪಟ್ಟು ಒಂದಿಷ್ಟು ಜೋಳ ಕೊಟ್ಟು ಕಳಿಸಲಿಲ್ಲ. ಇವರಿಗೆ ಸಂಗೀತ ಕಲಿಸಬೇಕು, ಅದಕ್ಕೆ ಆಗುವ ಖರ್ಚು ನಮ್ಮದು ಎಂದು ತೀರ್ಮಾನಿಸಿದರು.

ನಮ್ಮ ಲೆಕ್ಕದಲ್ಲಿ ಇಡೀ ಕಥೆಯ ಮುಖ್ಯ ಜಾಗ ಇದೇ. ಒಬ್ಬ ಅಂಧ ಹುಡುಗನ ಮುಂದೆ ನಿಂತಾಗ ಅವನಿಗೆ ಏನು ಆಗೋದಿಲ್ಲ ಅಂತ ಎಲ್ಲರೂ ಎಣಿಸ್ತಾರೆ. ಸ್ವಾಮಿಗಳು ಅವನಿಗೆ ಏನು ಆಗುತ್ತೆ ಅಂತ ಮೊದಲು ನೋಡಿದರು, ಆಮೇಲೆ ಅದಕ್ಕೆ ತಕ್ಕ ಗುರುವನ್ನು ಹುಡುಕಿದರು.

ಎರಡು ಸಂಗೀತ, ಎರಡು ಸಂಸ್ಥಾನ

ಗದಿಗೆಯ್ಯನ ಕಲಿಕೆ ಅರ್ಧಂಬರ್ಧ ಆಗಲಿಲ್ಲ. ನಾಲ್ಕು ಭಜನೆ ಕಲಿತರೆ ಹೊಟ್ಟೆಗೆ ಆಯ್ತು ಅಂತ ಯಾರೂ ಅಂದುಕೊಳ್ಳಲಿಲ್ಲ. ಕರ್ನಾಟಕ ಸಂಗೀತಕ್ಕೆ ಅವನನ್ನು ಮೈಸೂರಿಗೆ ಕಳಿಸಿದರು. ಮೈಸೂರು ಆಗ ಬೇರೆಯೇ ಸಂಸ್ಥಾನ, ಒಡೆಯರ ಆಳ್ವಿಕೆ. ಹಾನಗಲ್ಲ ಸೀಮೆಯಿಂದ ಅಲ್ಲಿಗೆ ಹೋಗೋದೆಂದರೆ ಕಣ್ಣಿದ್ದವರಿಗೂ ದೊಡ್ಡ ಪ್ರಯಾಣ. ಅಲ್ಲಿ ಗೌರೀಶಂಕರ ಸ್ವಾಮಿಗಳಲ್ಲಿ ವರ್ಷಗಟ್ಟಲೆ ಅಭ್ಯಾಸ ನಡೆಯಿತು. ಆಮೇಲೆ ಹಿಂದೂಸ್ತಾನಿ ಸಂಗೀತ. ಅದಕ್ಕೆ ಸಿಕ್ಕ ಗುರು ಮೀರಜದ ನೀಲಕಂಠಬುವಾ, ಗ್ವಾಲಿಯರ್ ಘರಾಣೆಯವರು. ಮುಂದೆ ಮಲ್ಲಿಕಾರ್ಜುನ ಮನ್ಸೂರರೂ ಕಲಿತದ್ದು ಇದೇ ನೀಲಕಂಠಬುವಾ ಹತ್ತಿರ. ಅಂದರೆ ಅಂಧ ವಿದ್ಯಾರ್ಥಿಗೆ ಅಂತ ಎರಡನೇ ದರ್ಜೆಯ ಮೇಷ್ಟ್ರನ್ನು ಹುಡುಕಲಿಲ್ಲ. ಆ ಕಾಲಕ್ಕೆ ಸಿಗಬಹುದಾದ ಒಳ್ಳೆಯ ಗುರುವೇ ಸಿಕ್ಕರು.

ಎರಡೂ ಪದ್ಧತಿ ಕಲಿಯೋದು ಎಷ್ಟು ಕಷ್ಟ ಅನ್ನೋದನ್ನು ಸಂಗೀತ ಗೊತ್ತಿಲ್ಲದವರಿಗೆ ಹೀಗೆ ಹೇಳಬಹುದು. ಕರ್ನಾಟಕ ಪದ್ಧತಿಯಲ್ಲಿ 72 ಮೇಳಕರ್ತ ರಾಗಗಳ ಚೌಕಟ್ಟು, ನೂರಾರು ಕೃತಿಗಳ ಕಂಠಪಾಠ, ಗಮಕದ ಲೆಕ್ಕ. ಹಿಂದೂಸ್ತಾನಿಯಲ್ಲಿ ರಾಗಗಳ ವಿಂಗಡಣೆಯೇ ಬೇರೆ, ತಾಳಗಳು ಬೇರೆ, ಒಂದೇ ಬಂದಿಶನ್ನು ಹಿಡಿದು ತಾಸುಗಟ್ಟಲೆ ಬೆಳೆಸುವ ಕ್ರಮ ಬೇರೆ. ಹೆಸರು ಒಂದೇ ಇದ್ದರೂ ರಾಗ ಒಂದೇ ಅಲ್ಲದ ಜಾಗಗಳೂ ಇವೆ. ಒಂದು ಪದ್ಧತಿ ಗಂಟಲಿಗೆ ಕೂತ ಮೇಲೆ ಇನ್ನೊಂದನ್ನು ಶುದ್ಧವಾಗಿ ಹಾಡೋದು ಕಷ್ಟ. ಗದಿಗೆಯ್ಯ ಎರಡನ್ನೂ ಸಾಧಿಸಿ ಉಭಯ ಗಾನವಿಶಾರದ ಎನಿಸಿಕೊಂಡರು. ಅಷ್ಟೊತ್ತಿಗೆ ಜನ ಅವರನ್ನು ಪಂಚಾಕ್ಷರಿ ಗವಾಯಿಗಳು ಎಂದೇ ಕರೆಯುತ್ತಿದ್ದರು.

ಇಲ್ಲಿ ನಾವು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಒಂದು ವಿಷಯ ಗಮನಿಸಬೇಕು. ಕಣ್ಣು ಕಾಣದ ಹುಡುಗ ಇಷ್ಟು ದೊಡ್ಡ ಸಿಲೇಬಸ್ ಮುಗಿಸಿದ್ದು ಹೇಗೆ? ಪ್ರತಿಭೆ, ಗುರುಭಕ್ತಿ ಎಲ್ಲ ಸರಿ. ಇನ್ನೊಂದು ಕಾರಣವೂ ಇದೆ. ನಮ್ಮ ಸಂಗೀತದ ಪಾಠ ಮೊದಲಿನಿಂದಲೂ ಕಿವಿಗೇ ಮಾಡಿದ್ದು. ಸ್ವರಕ್ಕೆ ಸ, ರಿ, ಗ, ಮ ಅನ್ನುವ ಬಾಯಿ ಹೆಸರಿದೆ. ತಬಲಾದ ಪ್ರತಿ ಪೆಟ್ಟಿಗೂ ಒಂದು ಬೋಲ್ ಇದೆ. ತೀನತಾಳದ 16 ಮಾತ್ರೆಗಳನ್ನು ತಬಲಾ ಮುಟ್ಟದೆಯೇ ಬಾಯಲ್ಲಿ ಹೇಳಬಹುದು. ತಾಳವನ್ನು ಕೈಯಲ್ಲಿ ಎಣಿಸಬಹುದು. ಹಾರ್ಮೋನಿಯಂ ಮನೆಗಳು ಬೆರಳಿಗೆ ಸಿಗುತ್ತವೆ. ಗುರು ಹಾಡುತ್ತಾರೆ, ಶಿಷ್ಯ ತಿರುಗಿ ಹಾಡುತ್ತಾನೆ, ತಪ್ಪಿದ್ದನ್ನು ಅಲ್ಲೇ ತಿದ್ದುತ್ತಾರೆ. ಪುಸ್ತಕ ಇಲ್ಲ, ಬೋರ್ಡ್ ಇಲ್ಲ. ಹಾಗಾಗಿ ಅಂಧ ವಿದ್ಯಾರ್ಥಿಗಾಗಿ ಬೇರೆ ಪಠ್ಯ ತಯಾರಿಸುವ ಅಗತ್ಯವೇ ಬೀಳಲಿಲ್ಲ. ಎಲ್ಲರೂ ಕಲಿಯುವ ಪಾಠ ಇವರಿಗೂ ಹಾಗೆಯೇ ಸಿಕ್ಕಿತು. ಆ ತರಗತಿಯಲ್ಲಿ ಕಣ್ಣಿಲ್ಲ ಅನ್ನೋದು ಅಡ್ಡಿಯಾಗಿ ಉಳಿದದ್ದು ಬಹಳ ಕಡಿಮೆ.

ತಿರುಗುವ ಶಾಲೆ

1914ರಲ್ಲಿ ಪಂಚಾಕ್ಷರಿ ಗವಾಯಿಗಳ ಸಂಚಾರಿ ಸಂಗೀತ ಪಾಠಶಾಲೆ ಶುರುವಾಯಿತು. ಆಗ ಅವರಿಗೆ 22 ವರ್ಷ. ನಮ್ಮ ಫೈನಲ್ ಇಯರ್‌ನವರ ವಯಸ್ಸು, ನೋಡ್ರಿ. ಕುಮಾರ ಸ್ವಾಮಿಗಳ ಆಸೆಯೂ ಅದೇ ಆಗಿತ್ತು: ತನಗೆ ಸಿಕ್ಕ ವಿದ್ಯೆ ತನ್ನಂಥ ಮಕ್ಕಳಿಗೆ ಮುಟ್ಟಬೇಕು. ಒಬ್ಬ ಕಲಾವಿದನಾಗಿ ಸಂಸ್ಥಾನಗಳ ಆಸರೆ ಹುಡುಕಿಕೊಂಡು, ಕಛೇರಿ ಮಾಡಿಕೊಂಡು ಗವಾಯಿಗಳು ಆರಾಮಾಗಿ ಇರಬಹುದಿತ್ತು. ಅವರು ಆ ದಾರಿ ಹಿಡಿಯಲಿಲ್ಲ.

ಈ ಶಾಲೆಗೆ ಕಟ್ಟಡ ಇರಲಿಲ್ಲ. ಗುರು ಇದ್ದ ಕಡೆ ಶಾಲೆ. ಹುಡುಗರನ್ನು ಕಟ್ಟಿಕೊಂಡು ಊರಿಂದ ಊರಿಗೆ, ಮಠದಿಂದ ಮಠಕ್ಕೆ ಹೋಗೋದು. ಹೋದಲ್ಲಿ ಹಾಡುವುದು, ಊರವರು ಕೊಟ್ಟ ಕಾಳುಕಡಿಯಲ್ಲಿ ಅಡುಗೆ, ಬೆಳಗಾದರೆ ಪಾಠ. ಸೇರಿದವರಲ್ಲಿ ಅಂಧರಿದ್ದರು, ತಬ್ಬಲಿಗಳಿದ್ದರು, ಬಡವರ ಮಕ್ಕಳಿದ್ದರು. ಜಾತಿ ಕೇಳುತ್ತಿರಲಿಲ್ಲ. ಕಣ್ಣು ಕಾಣುವ ಹುಡುಗರೂ ಅದೇ ಸಾಲಲ್ಲಿ ಕೂತು ಕಲಿತರು. ಇದು ಮುಖ್ಯ. ಅಂಧರಿಗೆ ಬೇರೆ ಕೋಣೆ, ಬೇರೆ ಪಾಠ, ಸುಲಭದ ಪರೀಕ್ಷೆ ಎಂಬುದು ಅಲ್ಲಿ ಇರಲಿಲ್ಲ. ಹಾಡಿದ್ದು ಶ್ರುತಿಗೆ ಸೇರಬೇಕು, ತಾಳಕ್ಕೆ ಕೂರಬೇಕು, ಅಷ್ಟೇ ಅಳತೆ.

ಶಾಲೆ ನಡೆಸಲು ದುಡ್ಡು ಬೇಕಲ್ಲ. ಗವಾಯಿಗಳು ನಾಟಕ ಕಂಪನಿ ಕಟ್ಟಿದರು. ಆ ಕಾಲ ಕಂಪನಿ ನಾಟಕಗಳ ಕಾಲ. ಟೆಂಟು ಹಾಕಿ ತಿಂಗಳುಗಟ್ಟಲೆ ಒಂದೇ ಊರಲ್ಲಿ ಆಟ ಆಡುತ್ತಿದ್ದರು. ಆ ನಾಟಕಗಳ ಜೀವವೇ ಸಂಗೀತ. ಹಾರ್ಮೋನಿಯಂ, ತಬಲಾ, ಸಾರಂಗಿ ನುಡಿಸುವವರಿಗೆ ಕೆಲಸ ಇತ್ತು, ಹಾಡುವವರಿಗೆ ಮರ್ಯಾದೆ ಇತ್ತು. ಹಾಗಾಗಿ ಗವಾಯಿಗಳ ಕಂಪನಿ ಒಂದೇ ಏಟಿಗೆ ಎರಡು ಕೆಲಸ ಮಾಡಿತು. ಬಂದ ದುಡ್ಡು ಹುಡುಗರ ಊಟಕ್ಕೆ ಆಯಿತು, ಹುಡುಗರಿಗೆ ಜನರ ಮುಂದೆ ಕೂತು ನುಡಿಸುವ ಅಭ್ಯಾಸ ಆಯಿತು. ಇಂಟರ್ನ್‌ಶಿಪ್ಪು, ಪ್ಲೇಸ್‌ಮೆಂಟು ಅಂತ ನಾವೀಗ ಏನು ಕರೀತೀವೋ ಅದು ಕಲಿಕೆಯ ಒಳಗೇ ಇತ್ತು. ಕಲಿತವನು ಎಲ್ಲಿ ದುಡಿಯುತ್ತಾನೆ ಅನ್ನೋದನ್ನು ಯೋಚಿಸದೆ ಕಲಿಸುವುದು ಅರ್ಧ ಕೆಲಸ ಅನ್ನೋದು ಗವಾಯಿಗಳಿಗೆ ಗೊತ್ತಿತ್ತು.

ಇಷ್ಟಾದರೂ ಬಡತನ ಬಿಡಲಿಲ್ಲ. 1930ರಲ್ಲಿ ಕುಮಾರ ಸ್ವಾಮಿಗಳು ಲಿಂಗೈಕ್ಯರಾದರು. ಬೆನ್ನಿಗಿದ್ದ ದೊಡ್ಡ ಆಸರೆ ಹೋಯಿತು. ಆದರೂ ಶಾಲೆ ನಿಲ್ಲಲಿಲ್ಲ.

ಶಿಷ್ಯರು

ಶಿಷ್ಯರಲ್ಲಿ ಎರಡು ಹೆಸರು ಹೇಳಲೇಬೇಕು. ಒಬ್ಬರು ಬಸವರಾಜ ರಾಜಗುರು, 1920ರಲ್ಲಿ ಧಾರವಾಡ ಜಿಲ್ಲೆಯ ಯಲಿವಾಳದಲ್ಲಿ ಹುಟ್ಟಿದವರು. ಕಣ್ಣು ಕಾಣುವ ಈ ಹುಡುಗ ಕಣ್ಣಿಲ್ಲದ ಗುರುವಿನಿಂದ ಕಲಿತು ಹಿಂದೂಸ್ತಾನಿ ಸಂಗೀತದ ದೊಡ್ಡ ಗಾಯಕರಾದರು. 1936ರಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೇ ವರ್ಷದ ಉತ್ಸವ ಹಂಪಿಯಲ್ಲಿ ನಡೆಯಿತು. ಅಲ್ಲಿ ಹದಿಹರೆಯದ ರಾಜಗುರು ಮೊದಲ ಬಾರಿ ದೊಡ್ಡ ಸಭೆಯೆದುರು ಹಾಡಿದಾಗ ತಬಲಾ ಸಾಥಿಗೆ ಕೂತವರು ಯಾರು ಗೊತ್ತಾ? ಸ್ವತಃ ಪಂಚಾಕ್ಷರಿ ಗವಾಯಿಗಳು. ಶಿಷ್ಯ ನಡುವೆ, ಗುರು ಪಕ್ಕದಲ್ಲಿ.

ಇನ್ನೊಬ್ಬರು ಪುಟ್ಟರಾಜ ಗವಾಯಿಗಳು. ಸಂಚಾರಿ ಶಾಲೆ ಶುರುವಾದ 1914ರಲ್ಲೇ ಹಾನಗಲ್ಲ ತಾಲ್ಲೂಕಿನ ದೇವಗಿರಿಯಲ್ಲಿ ಹುಟ್ಟಿದರು. ಕೂಸಾಗಿದ್ದಾಗಲೇ ಕಣ್ಣು ಹೋಯಿತು, ತಂದೆತಾಯಿಯೂ ತೀರಿಕೊಂಡರು. ಸಾಕಿದ ಸೋದರಮಾವ ಹುಡುಗನನ್ನು ಪಂಚಾಕ್ಷರಿ ಗವಾಯಿಗಳ ಕೈಗೆ ಒಪ್ಪಿಸಿದ. ಅದೇ ತಾಲ್ಲೂಕು, ಅದೇ ಬಗೆಯ ಬಡತನ, ಅದೇ ಕತ್ತಲು. ಆದರೆ ಗದಿಗೆಯ್ಯನ ಬಾಲ್ಯದಲ್ಲಿ ಇಲ್ಲದ ಒಂದು ಸೌಲಭ್ಯ ಪುಟ್ಟಯ್ಯನಿಗೆ ಇತ್ತು. ದಾರಿ ಆಗಲೇ ಇತ್ತು, ತನ್ನಂತೆಯೇ ಕಣ್ಣಿಲ್ಲದ ಒಬ್ಬರು ಅದರಲ್ಲಿ ನಡೆದು ತೋರಿಸಿದ್ದರು. ಪುಟ್ಟರಾಜರು ಎರಡೂ ಸಂಗೀತ ಕಲಿತರು, ಹತ್ತಾರು ವಾದ್ಯ ನುಡಿಸಿದರು, ಕನ್ನಡ, ಹಿಂದಿ, ಸಂಸ್ಕೃತದಲ್ಲಿ ಬರೆದರು, ನಾಟಕ ರಚಿಸಿದರು.

ಗದಗಿನ ಪುಣ್ಯಾಶ್ರಮ

ಹೀಗೆ ಸುಮಾರು ಮೂರು ದಶಕ ತಿರುಗಾಡಿದ ಶಾಲೆ ಕೊನೆಗೆ ಒಂದು ಕಡೆ ನೆಲೆ ನಿಂತದ್ದು ಗದಗಿನಲ್ಲಿ. ಅಲ್ಲಿನ ದಾನಿ ಬಸರಿಗಿಡದ ವೀರಪ್ಪನವರ ನೆರವಿನಿಂದ 1942ರಲ್ಲಿ ವೀರೇಶ್ವರ ಪುಣ್ಯಾಶ್ರಮ ಆಯಿತು. ಅದನ್ನು ನೋಡಿಕೊಳ್ಳಲು ಗವಾಯಿಗಳಿಗೆ ಸಿಕ್ಕದ್ದು ಎರಡೇ ವರ್ಷ. 1944ರ ಜೂನ್ 11ರಂದು, 52ನೇ ವಯಸ್ಸಿಗೆ, ಅವರು ತೀರಿಕೊಂಡರು.

ಒಬ್ಬ ದೊಡ್ಡ ಮನುಷ್ಯನ ಸುತ್ತ ಬೆಳೆದ ಸಂಸ್ಥೆಗಳು ಆತನ ನಂತರ ಕುಸಿಯುವುದನ್ನು ನಾವು ಎಷ್ಟೋ ಕಡೆ ನೋಡಿದ್ದೇವೆ. ಇದು ಕುಸಿಯಲಿಲ್ಲ. ಮೂವತ್ತು ವರ್ಷದ ಪುಟ್ಟರಾಜ ಗವಾಯಿಗಳು ಹೊಣೆ ಹೊತ್ತರು. 2010ರ ಸೆಪ್ಟೆಂಬರಿನಲ್ಲಿ ಕೊನೆಯುಸಿರು ಎಳೆಯುವವರೆಗೆ, ಅಂದರೆ 66 ವರ್ಷ, ಆಶ್ರಮ ನಡೆಸಿದರು. ಅದೇ ವರ್ಷ ಅವರಿಗೆ ಪದ್ಮಭೂಷಣ ಬಂದಿತ್ತು. ಇಂದು ನಾವು ಯೂಟ್ಯೂಬಿನಲ್ಲಿ ಕೇಳುವ ಪಂಡಿತ್ ಎಂ. ವೆಂಕಟೇಶಕುಮಾರ್ ಇದೇ ಆಶ್ರಮದಲ್ಲಿ ಹನ್ನೆರಡು ವರ್ಷ ಇದ್ದು ಕಲಿತವರು. ಹೆಸರಾಗದೆ ಉಳಿದವರು ಇನ್ನೂ ಎಷ್ಟೋ ಜನ. ಉತ್ತರ ಕರ್ನಾಟಕದ ಶಾಲೆಗಳಲ್ಲಿ ಸಂಗೀತ ಮೇಷ್ಟ್ರಾಗಿ, ಆಕಾಶವಾಣಿ ಕಲಾವಿದರಾಗಿ, ಪುರಾಣ ಕೀರ್ತನೆಗಳಿಗೆ ಹಾರ್ಮೋನಿಯಂ ತಬಲಾ ನುಡಿಸುವವರಾಗಿ ಈ ಆಶ್ರಮದವರು ಸಿಗುತ್ತಾರೆ. ಕೈಯೊಡ್ಡಬೇಕಾಗಿದ್ದ ಮಕ್ಕಳು ಸಂಬಳ ತಂದು ಮನೆ ನಡೆಸಿದರು.

ನಮ್ಮ ಪಾಲಿನ ಪ್ರಶ್ನೆ

ಇಲ್ಲಿಗೆ ಕಥೆ ಮುಗಿಸಿ ಜೈ ಅನ್ನಬಹುದು. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಕಣ್ಣು ಕಾಣದ ಮಗುವಿಗೆ ಗವಾಯಿಗಳು ಒಂದು ಬಾಗಿಲು ತೆಗೆದರು, ಅದು ಸಂಗೀತದ ಬಾಗಿಲು. ಆ ಕಾಲದಲ್ಲಿ, ಆ ಊರುಗಳಲ್ಲಿ ತೆಗೆಯಲು ಸಾಧ್ಯವಿದ್ದದ್ದು ಅದೊಂದೇ. ಯಾಕೆಂದರೆ ಕಣ್ಣಿಲ್ಲದೆಯೂ ಪೂರ್ತಿ ಕಲಿಯಬಹುದಾದ, ಕಲಿತು ಬದುಕಬಹುದಾದ ವಿದ್ಯೆ ಅದೇ ಆಗಿತ್ತು. ಆದರೆ ಎಲ್ಲ ಅಂಧ ಮಕ್ಕಳಿಗೂ ಕಂಠ ಇರೋದಿಲ್ಲ. ಕೆಲವರಿಗೆ ಲೆಕ್ಕ ಇಷ್ಟ, ಕೆಲವರಿಗೆ ಯಂತ್ರ ಇಷ್ಟ. ಅವರು ಎಲ್ಲಿಗೆ ಹೋಗಬೇಕು?

ಕಾನೂನು ಈಗ ಅವರ ಕಡೆಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯ ಇರುವವರಿಗೆ ಕನಿಷ್ಠ ಶೇ. 5ರಷ್ಟು ಸೀಟು ಮೀಸಲು. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಪ್ರಕಾರ ಬರೆಯಲು ತೊಂದರೆ ಇರುವವರು ಬರಹಗಾರರನ್ನು ಕೇಳಬಹುದು, ಪರೀಕ್ಷೆಯ ಪ್ರತಿ ತಾಸಿಗೆ 20 ನಿಮಿಷ ಹೆಚ್ಚು ಸಮಯ ಸಿಗುತ್ತದೆ. ನಮ್ಮ ಮೂರು ತಾಸಿನ ಸೆಮಿಸ್ಟರ್ ಪರೀಕ್ಷೆಗೆ ಲೆಕ್ಕ ಹಾಕಿದರೆ ಒಂದು ತಾಸು. 2021ರಲ್ಲಿ ಸುಪ್ರೀಂ ಕೋರ್ಟ್ ವಿಕಾಸ್ ಕುಮಾರ್ ಪ್ರಕರಣದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಶೇ. 40ರ ಗೆರೆ ಮುಟ್ಟದವರಿಗೂ ನಿಜವಾದ ತೊಂದರೆ ಇದ್ದರೆ ಬರಹಗಾರರನ್ನು ನಿರಾಕರಿಸುವಂತಿಲ್ಲ ಎಂದಿತು.

ಸೀಟು ಸಿಕ್ಕಿತು, ಸಮಯ ಸಿಕ್ಕಿತು. ಪಾಠ ಸಿಗ್ತದಾ? ಗವಾಯಿಗಳ ಶಾಲೆಯಲ್ಲಿ ಪಾಠ ಕಿವಿಗೇ ಬರುತ್ತಿತ್ತು. ನಮ್ಮಲ್ಲಿ ಸರ್ಕ್ಯೂಟು, ಗ್ರಾಫು, ಫ್ಲೋಚಾರ್ಟು, ಬೋರ್ಡಿನ ಮೇಲೆ ಬೆರಳು ತೋರಿಸಿ ಇದರಿಂದ ಇದು ಬಂತು ಅನ್ನುವ ವಿವರಣೆ. ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ ಕಂಪ್ಯೂಟರಿನಲ್ಲಿರುವ ಅಕ್ಷರಗಳನ್ನು ಓದಿ ಹೇಳುತ್ತದೆ. ಎನ್‌ವಿಡಿಎ ಎಂಬುದು ಉಚಿತವಾಗಿಯೇ ಸಿಗುತ್ತದೆ. ಆದರೆ ನಾವು ವಾಟ್ಸಾಪ್ ಗ್ರೂಪಿನಲ್ಲಿ ಹಂಚುವ ನೋಟ್ಸು ಮೊಬೈಲಿನಲ್ಲಿ ಫೋಟೋ ತೆಗೆದು ಪಿಡಿಎಫ್ ಮಾಡಿದ್ದು. ಸ್ಕ್ರೀನ್ ರೀಡರಿಗೆ ಅದು ಬರೀ ಚಿತ್ರ, ಅದರಲ್ಲಿ ಸಾಲೂ ಇಲ್ಲ, ಸಮೀಕರಣವೂ ಇಲ್ಲ.

ಇದು ಆಗದ ಕೆಲಸ ಅಂತಲ್ಲ. ಟಿ.ವಿ. ರಾಮನ್ ಎಂಬವರಿಗೆ ಕಣ್ಣು ಕಾಣುವುದಿಲ್ಲ. ಅವರು ಐಐಟಿ ಬಾಂಬೆಯಲ್ಲಿ ಕಂಪ್ಯೂಟರ್ ಸೈನ್ಸ್ ಓದಿ, 1994ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮುಗಿಸಿದರು. ಅವರ ಸಂಶೋಧನೆಯೇ ಗಣಿತದ ಸಮೀಕರಣಗಳನ್ನು ಕಿವಿಗೆ ಅರ್ಥವಾಗುವಂತೆ ಓದಿಸುವುದರ ಬಗ್ಗೆ. ಸಂಗೀತದಲ್ಲಿ ತಾನೇ ತಾನಾಗಿ ಇದ್ದ ಸೌಲಭ್ಯವನ್ನು ಎಂಜಿನಿಯರಿಂಗಿನಲ್ಲಿ ಕೂತು ಕಟ್ಟಬೇಕು, ಅಷ್ಟೇ ವ್ಯತ್ಯಾಸ. ಕಟ್ಟುವುದೇ ತಾನೆ ನಾವು ಕಲಿಯುತ್ತಿರುವ ವಿದ್ಯೆ?

ದೊಡ್ಡ ಪ್ರಾಜೆಕ್ಟಿಗೆ ಕಾಯಬೇಕಿಲ್ಲ. ನೋಟ್ಸನ್ನು ಟೈಪ್ ಮಾಡಿ ಹಂಚಬಹುದು, ಕನ್ನಡವಿದ್ದರೆ ಯೂನಿಕೋಡಿನಲ್ಲಿ. ಸರ್ಕ್ಯೂಟ್ ಹಾಕಿದರೆ ಕೆಳಗೆ ನಾಲ್ಕು ಸಾಲಿನಲ್ಲಿ ಬರೆಯಬಹುದು: ಬ್ಯಾಟರಿಯಿಂದ ಯಾವ ರೆಸಿಸ್ಟರಿಗೆ ಹೋಗುತ್ತೆ, ಯಾವುದು ಸಮಾನಾಂತರ, ಔಟ್‌ಪುಟ್ ಎಲ್ಲಿ. ಮೈನರ್ ಪ್ರಾಜೆಕ್ಟಿಗೆ ಐಡಿಯಾ ಸಿಗದೆ ಕೊನೆಗೆ ಲೈನ್ ಫಾಲೋವರ್ ರೋಬೋ ಮಾಡುವವರು, ಉಬ್ಬು ಗೆರೆಯ ಚಿತ್ರ ಮೂಡಿಸುವ ಯಂತ್ರ ಮಾಡಿ ನೋಡಬಹುದು. ವೀಲ್‌ಚೇರಿನ ಗೆಳೆಯ ಮೂರನೇ ಮಹಡಿಯ ಲ್ಯಾಬಿಗೆ ಹೇಗೆ ಬರ್ತಾನೆ, ಕಿವಿ ಕೇಳದ ಗೆಳತಿ ಹಿಂದಿನ ಬೆಂಚಿನಲ್ಲಿ ಕೂತರೆ ಪಾಠ ಹೇಗೆ ಹಿಡೀತಾಳೆ ಅನ್ನೋದನ್ನು ಅಡ್ಮಿಷನ್ ಆದಮೇಲೆ ಅಲ್ಲ, ಮೊದಲೇ ಯೋಚಿಸಬಹುದು.

ನಮ್ಮ ಸಂಘದಿಂದ ಎರಡು ಸಣ್ಣ ಕೆಲಸ ಶುರು ಮಾಡಿದ್ದೇವೆ. ಈ ಸಂಚಿಕೆಯಿಂದ ಪತ್ರಿಕೆಯ ಎಲ್ಲ ಲೇಖನಗಳೂ ಸ್ಕ್ರೀನ್ ರೀಡರ್ ಓದಬಲ್ಲ ಅಕ್ಷರಗಳಲ್ಲೇ ಇರುತ್ತವೆ, ಪ್ರತಿ ಫೋಟೋದ ಜೊತೆ ಅದರಲ್ಲಿ ಏನಿದೆ ಎಂಬ ವಿವರಣೆ ಇರುತ್ತದೆ. ಎರಡನೆಯದು, ಸುತ್ತಲಿನ ಪಿಯುಸಿ ಮತ್ತು ಪದವಿ ವಿದ್ಯಾರ್ಥಿಗಳಿಗಾಗಿ ಪಠ್ಯವನ್ನು ಓದಿ ರೆಕಾರ್ಡ್ ಮಾಡಿಕೊಡುವ ತಂಡ. ಬೋರ್ಡಿನಲ್ಲಿರುವ ಚಿತ್ರವನ್ನು ಮಾತಿನಲ್ಲಿ ಹೇಳೋದು ಅಂದುಕೊಂಡಷ್ಟು ಸುಲಭ ಅಲ್ಲ, ಅಭ್ಯಾಸ ಬೇಕು. ಶನಿವಾರ ಮಧ್ಯಾಹ್ನ ಎರಡು ತಾಸು ಕೊಡಬಲ್ಲವರು ಸಂಘದ ಕಾರ್ಯದರ್ಶಿಗೆ ಹೆಸರು ಕೊಡಿ. ದನಿ ಚೆನ್ನಾಗಿರಬೇಕೆಂದೇನಿಲ್ಲ, ಓದುವುದು ಸ್ಪಷ್ಟ ಇದ್ದರೆ ಸಾಕು.